ಮನೆಮಂದಿಗೆಲ್ಲ ಒಂದೇ ಕಾರ್ಗೋ ಇ-ಸೈಕಲ್: ಯಾವುದನ್ನ ತಗೊಳ್ಳೋದು?

ಲಿಂಗರಾಜನಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಯವರು. ಮನೆಯಲ್ಲಿ ಇರೋದು ಒಂದೇ ಪೆಟ್ರೋಲ್ ಸ್ಕೂಟರ್. ಬೆಳಿಗ್ಗೆ ಎಂಟೂವರೆ ಆಯಿತೆಂದರೆ ಅದಕ್ಕೆ ನಾಲ್ಕು ಜನ ಹಕ್ಕುದಾರರು. ನಮ್ಮನೆಯವರಿಗೆ ಆಫೀಸು, ಎರಡನೇ ಕ್ಲಾಸಿನ ಮಗಳಿಗೆ ಶಾಲೆ, ಪಿಯುಸಿ ಮಗನಿಗೆ ಟ್ಯೂಷನ್. ನನ್ನ ಪಾಳಿ ಬರುವಷ್ಟರಲ್ಲಿ ಗಿರಣಿಯವ ಬಾಗಿಲು ಹಾಕಿ ಊಟಕ್ಕೆ ಹೋಗಿರುತ್ತಾನೆ.

ಮೊನ್ನೆ ಮಗ ಒಂದು ವಿಡಿಯೋ ತೋರಿಸಿದ. ನೆದರ್‌ಲ್ಯಾಂಡ್ಸ್‌ನಲ್ಲಿ ಒಬ್ಬಳು ತಾಯಿ ಇಬ್ಬರು ಮಕ್ಕಳನ್ನೂ ವಾರದ ಸಂತೆಯನ್ನೂ ಒಂದೇ ಸೈಕಲ್ ಮೇಲೆ ಹೇರಿಕೊಂಡು ಹೋಗುತ್ತಿದ್ದಾಳೆ. ಹಿಂದೆ ಉದ್ದ ಕ್ಯಾರಿಯರ್, ಜೊತೆಗೆ ಮೋಟಾರು. ಅಂಥದ್ದೊಂದು ತಗೊಂಡರೆ ಹೇಗೆ ಅಂತ ಮನೆಯಲ್ಲಿ ಎರಡು ವಾರದಿಂದ ಚರ್ಚೆ ನಡೆದಿದೆ.

ನಮ್ಮ ಲೋಡು ಹೀಗಿದೆ: ಮಗಳು 22 ಕೆಜಿ, ಶಾಲೆ ಚೀಲ ಬೇರೆ. ಶಾಲೆಗೆ 3 ಕಿ.ಮೀ. ವಾರಕ್ಕೊಮ್ಮೆ 10 ಕೆಜಿ ಜೋಳದ ಡಬ್ಬಿ ಗಿರಣಿಗೆ. ಎರಡು ದಿನಕ್ಕೊಮ್ಮೆ 20 ಲೀಟರಿನ ನೀರಿನ ಕ್ಯಾನು. ಜನತಾ ಬಜಾರಿನಿಂದ ಕಾಯಿಪಲ್ಲೆ. ಸೋಮವಾರ ಅತ್ತೆಯವರನ್ನ ಸಿದ್ಧಾರೂಢ ಮಠಕ್ಕೆ ಬಿಡಬೇಕು. (ಅವರು ಮಾತ್ರ "ನಾ ಆಟೋದಾಗ ಹೋಗ್ತೀನಿ, ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ" ಅಂತಿದ್ದಾರೆ.)

ಓಡಿಸೋರು ಮೂರು ಜನ. ನಮ್ಮನೆಯವರು 5 ಅಡಿ 11 ಇಂಚು, ಮಗ 5 ಅಡಿ 8, ನಾನು 5 ಅಡಿ 1. ನಾನು ಉಡೋದು ಸೀರೆ. ಬಜೆಟ್ 60ರಿಂದ 70 ಸಾವಿರ. ನಮ್ಮನೆಯವರು ಬೇರೇನೂ ನೋಡುವುದಿಲ್ಲ, ರೇಂಜ್ ಎಷ್ಟು ರೇಂಜ್ ಎಷ್ಟು (ಒಂದು ಚಾರ್ಜಿಗೆ ಎಷ್ಟು ಕಿ.ಮೀ. ಓಡುತ್ತೆ) ಅಂತ ಒಂದೇ ಜಪ. ನೀವಾದರೂ ಏನು ನೋಡಬೇಕು ಹೇಳಿ.

ಹಳೇಹುಬ್ಬಳ್ಳಿ ಹುಡುಗ

ಅಕ್ಕಾರೇ, 70 ಸಾವಿರ ಕೊಟ್ಟು ಸೈಕಲ್ಲಾ? ಸುಮ್ನೆ ಇನ್ನೊಂದು ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ರಿ. ನಾಲ್ಕೂ ಜನ ಆರಾಮ.

ಲಿಂಗರಾಜನಗರದ ಅಕ್ಕ

ಮಗನಿಗೆ 16 ತಮ್ಮಾ. ಲೈಸೆನ್ಸ್ ಇಲ್ಲ. ಸ್ಕೂಟರ್ ಬಂದರೆ ಮತ್ತೆ ಅದು ನಮ್ಮನೆಯವರದ್ದೇ ಆಗುತ್ತೆ, ನಾವು ಮೂವರೂ ಮತ್ತೆ ಗೇಟಿನ ಹತ್ತಿರ ಕಾಯ್ತಾ ನಿಲ್ಲಬೇಕು.

ಕೋರ್ಟ್ ಸರ್ಕಲ್ ಕರಿಕೋಟು

ಅಕ್ಕಾರು ಹೇಳಿದ್ದು ಸರಿ. ಈ ವಿಷಯದಲ್ಲಿ ಅಂಗಡಿಯವರು ಬಾಯಿಗೆ ಬಂದದ್ದು ಹೇಳ್ತಾರೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 2ನೇ ನಿಯಮದಲ್ಲೇ ಇದೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರಬೇಕು, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕೆಜಿ ದಾಟಬಾರದು. ಇದನ್ನ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ನೋಡಿ ಪ್ರಮಾಣಪತ್ರ ಕೊಟ್ಟಿರಬೇಕು. ಪುಣೆಯ ಎಆರ್‌ಎಐ ಅಂಥ ಒಂದು ಸಂಸ್ಥೆ. ಇಷ್ಟು ಇದ್ದರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನವೇ ಅಲ್ಲ. ನೋಂದಣಿ, ಲೈಸೆನ್ಸ್, ವಿಮೆ ಯಾವುದೂ ಬೇಕಿಲ್ಲ.

ಆದರೆ "ಸರ್, 500 ವ್ಯಾಟ್ ಮೋಟಾರ್ ಹಾಕಿ ಕೊಡ್ತೀನಿ, ನೋಡಾಕ ಸೈಕಲ್ಲೇ" ಅನ್ನೋರೂ ಇದ್ದಾರೆ. ನೋಡಲಿಕ್ಕೆ ಸೈಕಲ್, ಕಾನೂನಿಗೆ ಬೈಕ್. ಅದನ್ನ 16ರ ಹುಡುಗ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿಯಿಂದ ಬಂದ 199ಎ ಕಲಂ ಇದೆ. ತಂದೆ-ತಾಯಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಪ್ರಮಾಣಪತ್ರದ ಪ್ರತಿ ಕೈಗೆ ಬರೋತನಕ ಮುಂಗಡ ಕೊಡಬೇಡಿ.

ಸಾಧನಕೇರಿ ಸವಾರ

ವಿಡಿಯೋದಲ್ಲಿ ಬರುವ ಸೈಕಲ್‌ಗಳಲ್ಲಿ ಎರಡು ಜಾತಿ. ಮುಂದೆ ಮರದ ಪೆಟ್ಟಿಗೆ ಇರೋದು ಡಚ್ಚರ ಬಾಕ್‌ಫೀಟ್ಸ್. ಅದು ಎರಡೂವರೆ ಮೀಟರ್ ಉದ್ದ, ನಮ್ಮ ಓಣಿಯಲ್ಲಿ ತಿರುಗಿಸಬೇಕಾದರೆ ಪಕ್ಕದ ಮನೆಯವರನ್ನ ಎಬ್ಬಿಸಬೇಕು. ಇನ್ನೊಂದು ಹಿಂದೆ ಉದ್ದ ಇರುವ ಲಾಂಗ್‌ಟೇಲ್. ತೈವಾನಿನ ಟರ್ನ್ ಕಂಪನಿಯ ಜಿಎಸ್‌ಡಿ ಅಂತ ಇದೆ, ಅದು ಸವಾರ, ಸಾಮಾನು, ಸೈಕಲ್ ಎಲ್ಲ ಸೇರಿ ಸುಮಾರು 200 ಕೆಜಿ ತಡೆಯುತ್ತದೆ. 20 ಇಂಚಿನ ಗಾಲಿ ಇರೋದರಿಂದ ಉದ್ದವೂ ನಮ್ಮ ಮಾಮೂಲಿ ಸೈಕಲ್ಲಿನಷ್ಟೇ. ಬಹಳ ಚೆಂದದ ಗಾಡಿ. ಆದರೆ ಅಮೆರಿಕದ ಬೆಲೆಯನ್ನ ರೂಪಾಯಿಗೆ ತಿರುಗಿಸಿದರೇ 4 ಲಕ್ಷ ದಾಟುತ್ತೆ. ವಿಡಿಯೋ ನೋಡಿ ಖುಷಿಪಡೋಣ.

ಒಂದು ಮಾತು ಮಾತ್ರ ಮರೆಯಬೇಡಿ ಅಕ್ಕಾರೇ. ನನ್ನ ಬಲಗಾಲಿನ ಹಿಮ್ಮಡಿಯಲ್ಲಿ ಇವತ್ತಿಗೂ ಒಂದು ಗಾಯದ ಗುರುತು ಇದೆ. ಆರು ವರ್ಷದವನಿದ್ದಾಗ ಅಪ್ಪನ ಡಬಲ್ ಬಾರ್ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತಿದ್ದೆ. ನಿದ್ದೆ ಬಂತು. ಕಾಲು ಕಡ್ಡಿಯೊಳಗೆ ಹೋಯಿತು. ಅಪ್ಪ ನನ್ನನ್ನ ಹೊತ್ತುಕೊಂಡು ದವಾಖಾನೆಗೆ ಓಡಿದ್ದು, ಒಂದು ಚಪ್ಪಲಿ ಲೈನ್ ಬಜಾರಿನಲ್ಲೇ ಬಿದ್ದುಹೋದದ್ದು, ಎಲ್ಲ ನೆನಪಿದೆ. ಮಗಳು ಕೂರುವ ಕಡೆ ಗಾಲಿಯ ಎರಡೂ ಬದಿಗೆ ಕವಚ ಬೇಕೇ ಬೇಕು. ಕಾಲಿಡಲು ಪಟ್ಟಿ ಬೇಕು, ಕೈಗೆ ಹಿಡಿಕೆ ಬೇಕು. ಕವಚ ಇದ್ದರೆ ನಿಮ್ಮ ಸೀರೆಗೂ ಆಯಿತು. ಸ್ಕೂಟರ್, ಬೈಕಿಗೆ ಇದು ನಿಯಮದಲ್ಲೇ ಇದೆ. ಸೈಕಲ್ಲಿಗೆ ನಾವೇ ಕೇಳಿ ಹಾಕಿಸಬೇಕು.

ಮನೆಯ ಯಜಮಾನ

ನಾನೇ ಆ ರೇಂಜ್ ಜಪದವನು. 80 ಕಿ.ಮೀ. ಅಂತ ಬರೆದಿರೋ ಒಂದು ಮಾಡೆಲ್ ನೋಡಿದ್ದೇನೆ. ಒಂದು ದಿನ ಧಾರವಾಡಕ್ಕೂ ಹೋಗಿ ಬರಬಹುದಲ್ವಾ?

ಲೆಕ್ಕದ ಮಾಸ್ತರ

ಧಾರವಾಡಕ್ಕೆ ಚಿಗರಿ ಬಸ್ಸಿದೆ ಯಜಮಾನರೇ. ಇಪ್ಪತ್ತು ಕಿ.ಮೀ. ಹೋಗಿ ಇಪ್ಪತ್ತು ಬರುವಷ್ಟರಲ್ಲಿ ನಿಮ್ಮ ಭಾನುವಾರ ಮುಗಿಯುತ್ತೆ.

ರೇಂಜ್ ಅನ್ನೋದು ಡಬ್ಬಿ ಮೇಲೆ ಬರೆಯೋ ಸಂಖ್ಯೆ. ನೀವು ಕೇಳಬೇಕಾದದ್ದು ವೋಲ್ಟ್ ಎಷ್ಟು, ಆಂಪಿಯರ್-ಅವರ್ ಎಷ್ಟು ಅಂತ. ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ಕರೆಂಟು ಹಿಡಿಯುತ್ತೆ ಅಂತ. 36 ವೋಲ್ಟ್, 10 ಆಂಪಿಯರ್-ಅವರ್ ಅಂದರೆ 360. ಮಗು, ಸಾಮಾನು ಹೇರಿಕೊಂಡು ನಿಂತು ನಿಂತು ಹೋಗುವ ಊರಿನ ಓಡಾಟಕ್ಕೆ ಕಿ.ಮೀ.ಗೆ 15 ವ್ಯಾಟ್-ಅವರ್ ಹಿಡಿಯಿರಿ. 24 ಕಿ.ಮೀ. ಸಿಗುತ್ತೆ. ಅಕ್ಕಾರ ಶಾಲೆ ಫೇರಿ ಬೆಳಿಗ್ಗೆ ಸಂಜೆ ಸೇರಿ 12 ಕಿ.ಮೀ. ಗಿರಣಿ, ನೀರು ಸೇರಿಸಿದರೂ ದಿನದ ಕೆಲಸ ಮುಗಿದು ಇನ್ನೂ ಸ್ವಲ್ಪ ಉಳಿಯುತ್ತೆ. 80 ಕಿ.ಮೀ. ಬ್ಯಾಟರಿಗೆ ದುಡ್ಡು ಯಾಕೆ ಸುರಿಯಬೇಕು?

ಕರೆಂಟಿನ ಚಿಂತೆ ಬೇಡ. ಚಾರ್ಜಿಂಗಿನಲ್ಲಿ ಹೋಗೋದನ್ನೂ ಸೇರಿಸಿ ಒಂದು ಫುಲ್ ಚಾರ್ಜಿಗೆ 0.4 ಯೂನಿಟ್. ತಿಂಗಳಿಗೆ 26 ಸಲ ಹಾಕಿದರೂ ಹತ್ತು ಯೂನಿಟ್ ಚಿಲ್ಲರೆ. 

ಯೋಚನೆ ಮಾಡಬೇಕಾದದ್ದು ಏರಿನ ಬಗ್ಗೆ. ಸೈಕಲ್ 30, ಸವಾರ 60, ಮಗಳು ಮತ್ತು ಚೀಲ 25, ಸಾಮಾನು 35, ಒಟ್ಟು 150 ಕೆಜಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಬೇಕೆಂದರೆ ಗಾಲಿಗೆ ಹತ್ತಿರ ಹತ್ತಿರ 290 ವ್ಯಾಟ್ ಬೇಕು. ಮೋಟಾರು 250ರ ಒಳಗಿನದು. ಉಳಿದದ್ದು ನಿಮ್ಮ ಮೊಣಕಾಲು. ನೃಪತುಂಗ ಬೆಟ್ಟದ ಕಡೆ ಆಗಲಿ, ನಮ್ಮ ಯೂನಿವರ್ಸಿಟಿ ಗುಡ್ಡ ಆಗಲಿ, ಪೆಡಲ್ ತುಳಿಯದೆ ಬರೀ ಥ್ರಾಟಲ್ ತಿರುವಿ ಹತ್ತುತ್ತೇನೆ ಅಂದರೆ ಆಗದ ಮಾತು. ಅದಕ್ಕೇ ಗೇರ್ ಇರುವ ಸೈಕಲ್ ನೋಡಿ.

ಪಾನಾ-ಪಕ್ಕಡ್

ಮಾಸ್ತರ ಲೆಕ್ಕ ಸರಿ ಐತಿ. ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡ್ತಿದ್ದೇನೆ, ಈಗ ನಾಲ್ಕೈದು ವರ್ಷದಿಂದ ಮೋಟಾರಿನವೂ ಬರ್ತಾವೆ. ನನ್ನ ಅಂಗಡಿಗೆ ಬರೋ ತಾಪತ್ರಯ ನೋಡಿ ಹೇಳ್ತೀನಿ, ಕೇಳಿ.

ಸೈಕಲ್ ಓಡುವಾಗ ಬೀಳಲ್ಲ ಅಕ್ಕಾರೇ. ನಿಂತಾಗ ಬೀಳುತ್ತೆ. ಹಿಂದೆ 20 ಲೀಟರ್ ಕ್ಯಾನು ಇಟ್ಟು, ಮೇಲೆ ಮಗುವನ್ನ ಕೂರಿಸುವಾಗ ಬೀಳುತ್ತೆ. ಪಕ್ಕದ ಒಂಟಿ ಸ್ಟ್ಯಾಂಡಿನ ಮೇಲೆ ಲೋಡು ಹೇರಿದರೆ ನೆಲ ಸ್ವಲ್ಪ ಮೆತ್ತಗಿದ್ದರೂ ಸಾಕು, ಸ್ಟ್ಯಾಂಡು ಎರಿಮಣ್ಣಿನಲ್ಲಿ ಇಳಿದು ಸೈಕಲ್ ಮಲಗುತ್ತೆ. ಎರಡು ಕಾಲಿನ ಅಗಲ ಸ್ಟ್ಯಾಂಡ್ ಬೇಕು. ಇಲ್ಲದಿದ್ದರೆ ಹಾಕಿಸಲು ಜಾಗ ಆದರೂ ಇರಬೇಕು.

ಮೂರು ಜನ ಓಡಿಸ್ತೀವಿ ಅಂದಿರಲ್ಲ, ಆರಿಸಬೇಕಾದವರು ನೀವು. ಯಜಮಾನರು 5 ಅಡಿ 11, ಅವರು ಯಾವುದನ್ನಾದರೂ ಓಡಿಸ್ತಾರೆ. ಸೀಟು ಮೇಲೆತ್ತಿದರೆ ಮುಗೀತು. ನಿಮಗೆ ದೊಡ್ಡದಾದ ಸೈಕಲ್ಲನ್ನ ಸಣ್ಣದು ಮಾಡಲಿಕ್ಕೆ ನನ್ನ ಕೈಲೂ ಆಗಲ್ಲ. ನಡುವಿನ ಪೈಪು ತಗ್ಗಿರಬೇಕು, ಲೇಡಿಸ್ ಸೈಕಲ್ ಥರ. ಸೀಟು ಪೂರ್ತಿ ಇಳಿಸಿದಾಗ ಎರಡೂ ಪಾದ ನೆಲಕ್ಕೆ ಊರಬೇಕು. ತುದಿಗಾಲು ಅಲ್ಲ, ಪಾದ.

ಮೋಟಾರು ಹಿಂದಿನ ಗಾಲಿಯ ನಡುವೆ ಇದ್ದರೆ ಅಗ್ಗ, ರಿಪೇರಿ ಕಡಿಮೆ. ಆದರೆ ಉದ್ದ ಏರಿನಲ್ಲಿ ಮೆಲ್ಲಗೆ ಹತ್ತಿಸಿದರೆ ಕರೆಂಟೆಲ್ಲ ಶಾಖ ಆಗಿ ಹೋಗುತ್ತೆ, ಮೋಟಾರು ಬಿಸಿ ಆಗುತ್ತೆ. ಪೆಡಲ್ ಹತ್ತಿರ ಮೋಟಾರು ಇರೋದು ಗೇರಿನ ಮೂಲಕ ಎಳೆಯುತ್ತೆ, ಏರಿಗೆ ಬಲ. ಆದರೆ ದುಬಾರಿ, ಚೈನೂ ಬೇಗ ಸವೆಯುತ್ತೆ. ಹುಬ್ಬಳ್ಳಿ ಒಳಗಿನ ಓಡಾಟಕ್ಕೆ ಗಾಲಿ ಮೋಟಾರೇ ಸಾಕು.

ಪಂಚರ್ ವಿಷಯ ಯಾರೂ ಹೇಳಿಲ್ಲ ನೋಡಿ. ಗಾಲಿ ಮೋಟಾರಿನ ಹಿಂದಿನ ಚಕ್ರ ಬಿಚ್ಚೋದಕ್ಕೆ ಅರ್ಧ ಮಂದಿ ಪಂಚರ್ ಹುಡುಗರು ಹೆದರ್ತಾರೆ. ವಾಯರು ಹರಿದರೆ ಅಂತ. ವಾಯರಿಗೆ ಬಿಚ್ಚಿ ಸೇರಿಸೋ ಜಾಯಿಂಟು ಇದೆಯಾ ನೋಡಿ. ಅಚ್ಚಿನ ನಟ್ಟಿಗೆ 18 ನಂಬರ್ ಪಾನಾ ಕೂರುತ್ತಾ ನೋಡಿ, ಕೂತರೆ ಒಂದನ್ನ ಚೀಲದಲ್ಲಿ ಇಟ್ಟುಕೊಳ್ಳಿ. ಇನ್ನೊಂದು, ಟೈರಿನ ಅಳತೆ ಬರೆದುಕೊಂಡು ಬಂದು ದುರ್ಗದಬೈಲಿನ ಅಂಗಡಿಗಳಲ್ಲಿ ಟ್ಯೂಬು ಇದೆಯಾ ಕೇಳಿ. ಸಿಗದಿದ್ದರೆ ಆ ಸೈಕಲ್ಲೇ ಬೇಡ.

ಕ್ಯಾರಿಯರ್ ಮೇಲೆ ಕೆಜಿ ಬರೆದಿರುತ್ತಾರೆ. ಮಾಮೂಲಿ ಕ್ಯಾರಿಯರ್ ಮೇಲೆ 25 ಅಂತ ಇರುತ್ತೆ. ನಿಮ್ಮ ಮಗಳು, ಚೀಲ, ಅಲ್ಲಿಗೇ ಮುಗೀತು. ನೀರಿನ ಕ್ಯಾನು ಎಲ್ಲಿಡ್ತೀರಿ? ಫ್ರೇಮಿನ ಜೊತೆಗೇ ವೆಲ್ಡ್ ಆಗಿ ಬಂದಿರುವ ಕ್ಯಾರಿಯರ್ ಹುಡುಕಿ. ಬೋಲ್ಟು ಹಾಕಿ ಕೂರಿಸಿದ್ದು ಅಲುಗುತ್ತಾ ಅಲುಗುತ್ತಾ ಒಂದು ದಿನ ಕಿವಿ ಮುರಿದುಕೊಳ್ಳುತ್ತೆ.

ಕೊನೆಗೆ ಒಂದು ಕೆಲಸ ಮಾಡಿ. ಅಂಗಡಿಗೆ ಹೋಗುವಾಗ ಮನೆಯಿಂದ ತುಂಬಿದ ನೀರಿನ ಕ್ಯಾನು ಒಯ್ಯಿರಿ. ನಗಬೇಡಿ. ಕ್ಯಾರಿಯರ್ ಮೇಲೆ ಕಟ್ಟಿ, ನೀವೊಬ್ಬರೇ ಸ್ಟ್ಯಾಂಡ್ ತೆಗೆಯಿರಿ, ಮೂರು ಹೆಜ್ಜೆ ಹಿಂದಕ್ಕೆ ದೂಡಿ, ಮತ್ತೆ ಸ್ಟ್ಯಾಂಡ್ ಹಾಕಿ. ಇಷ್ಟು ನಿಮ್ಮ ಕೈಲಿ ಆದರೆ ಮುಂದಿನ ಮಾತು.

ಬೆಟಗೇರಿ ಕಿರಾಣಿ

ಗದಗಿನಿಂದ. ನನ್ನ ಕಥೆ ಕೇಳಿ, ಯಾರಿಗಾದರೂ ಉಪಯೋಗ ಆದೀತು. ಅಂಗಡಿ ಸಾಮಾನು ಮನೆಮನೆಗೆ ಮುಟ್ಟಿಸಲು ಹಳೇ ಸೈಕಲ್ಲಿಗೇ ಮೋಟಾರು ಕಿಟ್ ಹಾಕಿಸಿದೆ. ಮುಂದೆ ತಗಡಿನ ದೊಡ್ಡ ಪೆಟ್ಟಿಗೆ ಮಾಡಿಸಿದೆ, ಚೆಂದ ಬಣ್ಣ ಹೊಡೆಸಿದೆ. ಜೇಷ್ಠದ ತನಕ ರಾಜನ ಹಾಗೆ ಓಡಿಸಿದೆ. ಆಷಾಢ ಬಂತು. ನಮ್ಮ ಗದಗಿನ ಗಾಳಿ ಗೊತ್ತಲ್ಲ, ಸುಮ್ನೆ ಗಾಳಿಯಂತ್ರ ನೆಟ್ಟಿಲ್ಲ ಈ ಕಡೆ. ಪೆಟ್ಟಿಗೆ ಹಾಯಿಯ ಥರ ಆಗಿ ಹ್ಯಾಂಡಲ್ಲನ್ನೇ ತಿರುಗಿಸಿಬಿಡುತ್ತಿತ್ತು. ಒಂದು ದಿನ ಎರಡು ಕೆಜಿ ಸಕ್ಕರೆ, ಒಂದು ಡಜನ್ ತತ್ತಿ ಸಮೇತ ಗಟಾರಕ್ಕೆ. ತತ್ತಿ ಹೋದದ್ದಕ್ಕಿಂತ ಅಲ್ಲಿ ನಿಂತವರು ನಕ್ಕದ್ದು ಜಾಸ್ತಿ ಬೇಜಾರಾಯಿತು.

ಈಗ ಪೆಟ್ಟಿಗೆ ತೆಗೆದಿದ್ದೇನೆ. ಹಿಂದೆ ಎರಡೂ ಬದಿಗೆ ಚೀಲ. ಭಾರ ಗಾಲಿಯ ಅಚ್ಚಿನ ಮಟ್ಟಕ್ಕೆ ಕೆಳಗೆ ಇದ್ದಷ್ಟೂ ಸೈಕಲ್ ಮಾತು ಕೇಳುತ್ತೆ.

ಬ್ರೇಕು ಡಿಸ್ಕೇ ಇರಲಿ. ರಿಮ್ಮಿಗೆ ಒತ್ತುವ ರಬ್ಬರ್ ಬ್ರೇಕು ಮಳೆಯಲ್ಲಿ, ಕೆಸರಿನಲ್ಲಿ, ಅದೂ ನೂರೈವತ್ತು ಕೆಜಿ ಲೋಡಿಗೆ ದೇವರೇ ಗತಿ.

ಬ್ಯಾಡಗಿ ಬಾಬು

ಚೀಲದ ಅಗಲವನ್ನೂ ನೋಡಿ. ನಮ್ಮೂರ ಮೆಣಸಿನಕಾಯಿ ಚೀಲ ಹಗುರ, ಆದರೆ ಸಂದಿಯಲ್ಲಿ ಎರಡೂ ಗೋಡೆಗೆ ತಾಗುತ್ತೆ. ಗೇಟಿನ ಅಳತೆ ತಗೊಳ್ಳಿ.

ಹಳೇಹುಬ್ಬಳ್ಳಿ ಹುಡುಗ

25ರ ಒಳಗೆ ಓಡೋ ಸಣ್ಣ ಎಲೆಕ್ಟ್ರಿಕ್ ಸ್ಕೂಟರ್ ಇದಾವಲ್ಲ, ಅವಕ್ಕೂ ಲೈಸೆನ್ಸ್ ಬೇಡ ಅಂತಾರೆ. ಅದನ್ಯಾಕೆ ನೋಡಬಾರದು? ಪೆಡಲ್ ತುಳಿಯೋ ಕಾಟ ಇಲ್ಲ.

ಕೋರ್ಟ್ ಸರ್ಕಲ್ ಕರಿಕೋಟು

ಅದೇ ನಿಯಮ, ಅದೇ ಪ್ರಮಾಣಪತ್ರ. ಅದಿದ್ದರೆ ಲೈಸೆನ್ಸ್ ಬೇಡ.

ಪಾನಾ-ಪಕ್ಕಡ್

ಬ್ಯಾಟರಿ ನಡುರಸ್ತೆಯಲ್ಲಿ ಮುಗಿದರೆ ಸೈಕಲ್ಲನ್ನ ತುಳಿದುಕೊಂಡು ಬರಬಹುದು. ಆ ಸ್ಕೂಟರನ್ನ ದೂಡಿಕೊಂಡು ಬರಬೇಕು. ಏರಿಗೂ ಅಷ್ಟೇ, ಅದಕ್ಕೆ ಮೊಣಕಾಲಿನ ಸಹಾಯವೂ ಇಲ್ಲ. ಸಪಾಟು ರಸ್ತೆ, ಒಬ್ಬರೇ ಸವಾರಿ ಅಂದರೆ ನಡೆಯುತ್ತೆ.

ಲಿಂಗರಾಜನಗರದ ಅಕ್ಕ

ಭಾನುವಾರ ಅಂಗಡಿಗೆ ಹೋಗಿದ್ದೆವು. ಕ್ಯಾನು ಒಯ್ದಿದ್ದೆ! ಸ್ಕೂಟರಿನ ಕಾಲಿಡುವ ಜಾಗದಲ್ಲಿ ತುಂಬಿದ ಕ್ಯಾನು, ಹಿಂದೆ ನಾನು. ಆಟೋದಲ್ಲಿ ಮಗ, ಮಗಳು, ಅತ್ತೆ. "ಏನ್ ಮಜಾ ಮಾಡ್ತಾರ ನೋಡೂಣು" ಅಂತ ಅತ್ತೆಯವರೂ ಹೊರಟುಬಿಟ್ಟರು.

ಅಂಗಡಿ ಹುಡುಗ ಕ್ಯಾನು ನೋಡಿ "ಮೇಡಂ, ಕುಡಿಯೋಕೆ ನೀರು ಒಳಗೇ ಇದೆ" ಅಂದ.

ಮೊದಲು ನಮ್ಮನೆಯವರ 80 ಕಿ.ಮೀ.ದ್ದು. ಕಪ್ಪು ಬಣ್ಣ, ದಪ್ಪ ಟೈರು, ನೋಡಲು ಬೈಕಿನ ಹಾಗೆ. ಅವರು ಓಡಿಸಿದರು, ಮಗ ಓಡಿಸಿದ, ಇಬ್ಬರ ಮುಖವೂ ಅರಳಿತು. ಕ್ಯಾನು ಕಟ್ಟಿದೆವು. ನಾನು ಸೀರೆ ನೆರಿಗೆ ಸಿಕ್ಕಿಸಿಕೊಂಡು ಕಾಲು ಆಚೆ ಹಾಕಲಿಕ್ಕೇ ಒದ್ದಾಡಿದೆ, ಪೈಪು ಅಷ್ಟು ಎತ್ತರ. ಸ್ಟ್ಯಾಂಡ್ ತೆಗೆದೆ. ಒಂದು ಹೆಜ್ಜೆ ಹಿಂದೆ ದೂಡಿದೆ. ಎಡಕ್ಕೆ ವಾಲಿತು, ಹಿಡಿದೆ, ಹಿಡಿದಂತೆಯೇ ನಿಧಾನಕ್ಕೆ ನೆಲಕ್ಕೆ ಹೋದೆ. ಕ್ಯಾನಿನ ಮುಚ್ಚಳ ಹಾರಿ ಶೋರೂಮಿನ ತುಂಬ ನೀರು. ಅತ್ತೆಯವರು ಕುರ್ಚಿಯಿಂದ ಏಳದೆ ಹೇಳಿದರು, "ಇದು ಗಂಡಸರ ಗಾಡಿ ಬಿಡವಾ. ಮುಂದಿಂದು ತೋರಸಂತ ಹೇಳು." ಅಂಗಡಿಯವರು ಒರೆಸುವ ಬಟ್ಟೆ ತಂದರು, ಪಾಪ. ಬೈಯಲಿಲ್ಲ. ಕ್ಯಾನು ಮತ್ತೆ ತುಂಬಿಯೂ ಕೊಟ್ಟರು.

ಎರಡನೆಯದಕ್ಕೆ ಬೆಲೆ 62 ಸಾವಿರ. ಬಣ್ಣ ಸಪ್ಪೆ ಬೂದು. ಸಾಮಾನು ಮುಟ್ಟಿಸುವ ಹುಡುಗರಿಗೆ ಅಂತ ಮಾಡಿದ್ದು. 20 ಇಂಚಿನ ಗಾಲಿ, ತಗ್ಗು ಫ್ರೇಮು, ಕ್ಯಾರಿಯರ್ ಫ್ರೇಮಿಗೇ ಸೇರಿದ್ದು, ಎರಡು ಕಾಲಿನ ಸ್ಟ್ಯಾಂಡು. ಡಿಸ್ಕ್ ಬ್ರೇಕು. ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್, ಬಿಚ್ಚಿ ಒಳಗೆ ಒಯ್ಯಬಹುದು. ಕ್ಯಾನಿನ ಸಮೇತ ಸ್ಟ್ಯಾಂಡಿನಿಂದ ಇಳಿಸಿದೆ, ಹಿಂದೆ ದೂಡಿದೆ, ಮತ್ತೆ ನಿಲ್ಲಿಸಿದೆ. ಎರಡನೇ ಸಲ ಮಗಳನ್ನೂ ಕೂರಿಸಿ ಮಾಡಿದೆ. ಬೀಳಲಿಲ್ಲ. ಪಾನಾ ಅಣ್ಣಾರೇ, ಟ್ಯೂಬಿಗೂ ದುರ್ಗದಬೈಲಿನಲ್ಲಿ ಕೇಳಿದೆ. ಮೂರನೇ ಅಂಗಡಿಯಲ್ಲಿ ಸಿಕ್ಕಿತು.

ಅನುಮಾನ ಒಂದೇ. ಅತ್ತೆಯವರು 58 ಕೆಜಿ. ಹಿಂದೆ ಕೂರಿಸಬಹುದಾ?

ಪಾನಾ-ಪಕ್ಕಡ್

ಕ್ಯಾರಿಯರ್ ಮೇಲೆ ಎಷ್ಟು ಬರೆದಿದೆ?

ಲಿಂಗರಾಜನಗರದ ಅಕ್ಕ

50.

ಪಾನಾ-ಪಕ್ಕಡ್

ಹಾಗಾದರೆ ಆಟೋನೇ. ಅವರು ಮೊದಲೇ ಹೇಳಿದ್ದರಲ್ಲ. ಮಗಳು ಮತ್ತು ಕ್ಯಾನು ಸೇರಿದರೂ 45ರ ಹತ್ತಿರ ಹೋಗುತ್ತೆ, ಜೋಳದ ಡಬ್ಬಿಗೆ ಇನ್ನೊಂದು ಫೇರಿ ಮಾಡಿ. ಗಾಲಿ ಕವಚ ಇಲ್ಲದಿದ್ದರೆ ಯಾವುದಾದರೂ ವೆಲ್ಡಿಂಗ್ ಅಂಗಡಿಯಲ್ಲಿ ತೆಳು ಪಟ್ಟಿಯ ಚೌಕಟ್ಟು ಮಾಡಿಸಿ ಜಾಳಿಗೆ ಹಾಕಿಸಿ. ಬೋಲ್ಟಿನಲ್ಲಿ ಕೂರಿಸಲಿ, ಫ್ರೇಮಿಗೆ ವೆಲ್ಡ್ ಹಾಕಲು ಬಿಡಬೇಡಿ. ಹಾಕಿದರೆ ಕಂಪನಿಯವರು ಗ್ಯಾರಂಟಿ ಇಲ್ಲ ಅಂತಾರೆ. ಹೊಸ ಬ್ಯಾಟರಿಗೆ ಎಷ್ಟು ಅಂತ ಈಗಲೇ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಸಾಧನಕೇರಿ ಸವಾರ

ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಅರ್ಧ ಗಂಟೆ ನೆರಳಲ್ಲಿ ಆರಲಿ.

ಲಿಂಗರಾಜನಗರದ ಅಕ್ಕ

ಆರು ವಾರ ಆಯಿತು, ಕೇಳಿದವರಿಗೆ ಸುದ್ದಿ ಹೇಳಬೇಕಲ್ಲ.

ಬೂದು ಬಣ್ಣದ್ದೇ ತಗೊಂಡೆವು. ಮೊದಲ ವಾರ ಸೀಟಿಗಾಗಿ ಜಗಳ. ನಮ್ಮನೆಯವರು ಎತ್ತಿಟ್ಟು ಹೋಗ್ತಾರೆ, ನಾನು ಅವಸರದಲ್ಲಿ ಹತ್ತಿದರೆ ಕಾಲು ಗಾಳಿಯಲ್ಲಿ. ಕೊನೆಗೆ ಸೀಟಿನ ಪೈಪಿನ ಮೇಲೆ ಮಗಳ ನೇಲ್ ಪಾಲಿಶ್‌ನಿಂದ ಮೂರು ಗೆರೆ ಹಾಕಿದೆವು. ಕೆಂಪು ನನ್ನದು, ನೀಲಿ ಮಗನದು, ಅಪ್ಪನಿಗೆ ಮಿಂಚುವ ಗುಲಾಬಿ. ಅವರಿಗೆ ಅದು ಸೇರಲಿಲ್ಲ, ಆದರೆ ಗೆರೆ ನೋಡಿಯೇ ಕೂರಿಸ್ತಾರೆ.

ಎರಡನೇ ಜಗಳ ಚಾರ್ಜಿನದು. ಓಡಿಸಲು ಮೂರು ಜನ, ಪ್ಲಗ್ ಹಾಕಲು ಯಾರೂ ಇಲ್ಲ. ಒಂದು ದಿನ ಶಾಲೆಯಿಂದ ಬರುವಾಗ ಉಣಕಲ್ ಕಡೆ ಸಂಪೂರ್ಣ ಕೈಕೊಟ್ಟಿತು. ತುಳಿದುಕೊಂಡು ಬಂದೆ. ಮೋಟಾರಿಲ್ಲದೆ ಅದು ಎಷ್ಟು ಭಾರ ಅಂತ ಅವತ್ತು ಗೊತ್ತಾಯಿತು. ಮಗಳು ಹಿಂದಿನಿಂದ "ಅವ್ವಾ ಇಳೀಲಾ?" ಅಂತ ಕೇಳುತ್ತಲೇ ಇದ್ದಳು, ಇಳಿಯಲಿಲ್ಲ. ಈಗ ಸಂಜೆ ಬ್ಯಾಟರಿ ಬಿಚ್ಚಿ ಒಳಗೆ ತರೋದು ಮಗನ ಪಾಲು. ತರದಿದ್ದರೆ ಮರುದಿನ ಟ್ಯೂಷನ್ನಿಗೆ ನಡಿಗೆ.

ಒಂದು ಚಾರ್ಜಿಗೆ ನನಗೆ 22-23 ಕಿ.ಮೀ. ಬರುತ್ತಿದೆ. ಮಾಸ್ತರ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಫರಕಿಲ್ಲ. ನಮ್ಮನೆಯವರಿಗೆ 19. ಅವರು ತುಳಿಯುವುದೇ ಇಲ್ಲ, ಕೇಳಿದರೆ ಒಪ್ಪುವುದೂ ಇಲ್ಲ.

ಪಂಚರ್ ಒಂದು ಆಯಿತು, ಹಿಂದಿನದೇ. ಹುಡುಗ ಗಾಲಿ ಬಿಚ್ಚಲಿಲ್ಲ. ಟೈರಿನ ಒಂದು ಬದಿ ಎಬ್ಬಿಸಿ, ಟ್ಯೂಬನ್ನ ಹೊರಗೆ ಎಳೆದು ಅಲ್ಲೇ ತೇಪೆ ಹಾಕಿದ. ಪಾನಾ ಚೀಲದಲ್ಲೇ ಉಳಿಯಿತು.

ಬೆಟಗೇರಿ ಕಿರಾಣಿ

ಅತ್ತೆಯವರು?

ಲಿಂಗರಾಜನಗರದ ಅಕ್ಕ

ಸೋಮವಾರ ಆಟೋ. ಆದರೆ ಜೋಳದ ಡಬ್ಬಿ ತಾವೇ ತಂದು ಕ್ಯಾರಿಯರ್ ಮೇಲೆ ಇಟ್ಟು, ಹಗ್ಗ ಬಿಗಿದು, ಎರಡು ಸಲ ಅಲುಗಿಸಿ ನೋಡ್ತಾರೆ. ನಾನು ಕಟ್ಟಿದ್ದು ಅವರಿಗೆ ಯಾವತ್ತೂ ಸರಿ ಬರಲ್ಲ. ಮಳೆ ಹಿಡಿದ ಮೇಲೆ ಬ್ರೇಕಿನ ಬಗ್ಗೆ ಬರೀತೀನಿ. ಈಗ ಡಬ್ಬಿ ಕಟ್ಟಿ ಕೂತಿದ್ದಾರೆ, ಗಿರಣಿ ಬಾಗಿಲು ಹಾಕುವುದರೊಳಗೆ ಹೋಗಬೇಕು.